ಭಾವನ ಲೆಕ್ಕದ ಪುಸ್ತಕದಲ್ಲಿ ಶುಂಠಿ ಕಷಾಯ

ಅಕ್ಕನ ಮನೆ ಇರುವುದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ. ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ, ಉಳಿದ ಜಾಗದಲ್ಲಿ ಶುಂಠಿ. ಭಾವನ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕ ಇದೆ. ಆಳಿನ ಕೂಲಿ, ಗೊಬ್ಬರ, ಕೊಳೆ ರೋಗಕ್ಕೆ ಹೊಡೆದ ಔಷಧಿ, 60 ಕೆ.ಜಿ. ಚೀಲಕ್ಕೆ ಆ ದಿನ ಸಿಕ್ಕ ರೇಟು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಅಕ್ಕನಿಗೆ ಕಾಯಿಲೆ ಬಂದ ವರ್ಷ ಅದೇ ಪುಸ್ತಕವನ್ನು ತಲೆಕೆಳಗು ಮಾಡಿ, ಹಿಂದಿನ ಪುಟದಿಂದ ಇನ್ನೊಂದು ಲೆಕ್ಕ ಶುರು ಮಾಡಿದ್ದರು.

"ಬೆಳಿಗ್ಗೆ 6.30 ಕಷಾಯ 1 ಲೋಟ. 11ಕ್ಕೆ 1 ಲೋಟ. ವಾಂತಿ 2. ಸಂಜೆ 1 ಲೋಟ. ರಾತ್ರಿ ಎದೆ ಉರಿ."

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವನು. ಡಾಕ್ಟರ್ ಅಲ್ಲ. ಆದರೆ ಆರು ತಿಂಗಳು ಆ ಮನೆಯ ಶುಂಠಿ ಜಗಳದಲ್ಲಿ ಮಧ್ಯಸ್ಥಿಕೆ ಮಾಡಿದ್ದು ನಾನೇ. ಅಕ್ಕ, ಭಾವ ಇಬ್ಬರೂ "ಬರಿ, ಹೆಸರು ಹಾಕಬೇಡ" ಅಂದರು. ಹಾಗಾಗಿ ಹೆಸರಿಲ್ಲ.

ಹಿನ್ನೆಲೆ

ಅಕ್ಕನಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೆಗೆದ ಭಾಗದ ಜೊತೆಗಿದ್ದ ಕೆಲವು ದುಗ್ಧಗ್ರಂಥಿಗಳಲ್ಲೂ ಕ್ಯಾನ್ಸರ್ ಕೋಶಗಳು ಸಿಕ್ಕಿದ್ದರಿಂದ ಕೀಮೋ ಬೇಕೇ ಬೇಕು ಅಂದರು. ಒಂದು ದಿನ ಎರಡು ಗಂಟೆ ಆಕ್ಸಾಲಿಪ್ಲಾಟಿನ್ ಡ್ರಿಪ್. ಅವತ್ತಿನಿಂದ 14 ದಿನ ಬೆಳಿಗ್ಗೆ ಸಂಜೆ ಕ್ಯಾಪೆಸಿಟಬಿನ್ ಮಾತ್ರೆ. ಆಮೇಲೆ ಒಂದು ವಾರ ಬಿಡುವು. ಇಂಥ 21 ದಿನದ ಸುತ್ತು ಎಂಟು.

ಆಕ್ಸಾಲಿಪ್ಲಾಟಿನ್ ಬಗ್ಗೆ ಗೊತ್ತಿರುವವರಿಗೆ ಗೊತ್ತು, ಅದು ತಣ್ಣಗಿನದನ್ನು ಮುಟ್ಟಲು ಬಿಡುವುದಿಲ್ಲ. ಡ್ರಿಪ್ ಹಾಕಿಸಿಕೊಂಡು ಬಂದ ನಾಲ್ಕೈದು ದಿನ ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ. ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗೆ. ಅದೂ ಜುಲೈ ತಿಂಗಳು, ಮಲೆನಾಡಿನ ಅಂಚಿನ ಮಳೆ, ಮನೆಯ ಪ್ರತಿ ಪಾತ್ರೆಯೂ ತಣ್ಣಗೆ. ಬಿಸಿ ಕಷಾಯ ಅಕ್ಕನಿಗೆ ಇಷ್ಟವಾಗಿದ್ದರಲ್ಲಿ ಆಶ್ಚರ್ಯ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಶುಂಠಿಯಿಂದ ಆದ ಹಿತ ಯಾವುದು, ಬಿಸಿಯಿಂದ ಆದ ಹಿತ ಯಾವುದು ಅಂತ ಈ ಪ್ರಕರಣದಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ.

ಮೊದಲ ಸುತ್ತಿನಲ್ಲಿ ವಾಂತಿಗಿಂತ ಹೊಟ್ಟೆ ತೊಳಸುವುದೇ ಜಾಸ್ತಿ ಇತ್ತು. ಎರಡನೇ ಸುತ್ತಿನ ಹೊತ್ತಿಗೆ ಸೋದರಳಿಯನ ಫೋನಿಗೆ ಒಂದು ಮೆಸೇಜ್ ಬಂತು: "ಶುಂಠಿ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. ವೈದ್ಯರು ಹೇಳದ ಸತ್ಯ." ಶುಂಠಿ ಬೆಳೆಯುವ ಮನೆಗೆ ಇಂಥ ಮೆಸೇಜ್ ಬಂದರೆ ಏನಾಗುತ್ತದೆ? ಭಾವ ಮನೆಖರ್ಚಿಗೆ ಅಂತ ಹಿತ್ತಲಲ್ಲಿ ಬೇರೆ ಪಾತಿ ಮಾಡಿ ನಾಟಿ ಶುಂಠಿ ಹಾಕಿರುತ್ತಾರೆ. ಅದಕ್ಕೆ ಔಷಧಿ ಹೊಡೆಯುವುದಿಲ್ಲ. ನಾರು ಜಾಸ್ತಿ, ಖಾರವೂ ಜಾಸ್ತಿ. ಅದನ್ನು ಕಿತ್ತು ದಿನಕ್ಕೆ ಮೂರು ಲೋಟ ಕಷಾಯ ಶುರುವಾಯಿತು. ಜೊತೆಗೆ ರಾತ್ರಿ ಜೇನುತುಪ್ಪದಲ್ಲಿ ಒಂದು ಚಮಚ ಒಣ ಶುಂಠಿ ಪುಡಿ.

"ಮೇಷ್ಟ್ರೇ, ದಿನಾ ಕುಡಿದರೆ ಮೈಯೊಳಗೆ ಸೇರ್ತಾ ಹೋಗುತ್ತೆ. ಎಂಟು ಸುತ್ತು ಮುಗಿಯೋ ಹೊತ್ತಿಗೆ ಬೇರು ಸಮೇತ ಹೋಗಿರುತ್ತೆ" ಅಂದರು ಭಾವ. ಅವರು ನನ್ನನ್ನು ಮೇಷ್ಟ್ರೇ ಅನ್ನುವುದು ಒಂದೋ ತಮಾಷೆಗೆ, ಇಲ್ಲಾ ನನ್ನ ಮಾತು ಕೇಳುವುದಿಲ್ಲ ಅಂತ ತೀರ್ಮಾನ ಮಾಡಿದಾಗ.

ಹತ್ತು ಸಾವಿರ ಎಲ್ಲಿಂದ ಬಂತು

ಸುಳ್ಳು ಅಂತ ತಳ್ಳಿಹಾಕುವ ಮೊದಲು ಹುಡುಕಿದೆ. ಅದಕ್ಕೆ ಒಂದು ಮೂಲ ಇತ್ತು, ಅದೂ ದೂರದ್ದಲ್ಲ. ತಿರುವನಂತಪುರದ ರಾಜೀವ್ ಗಾಂಧಿ ಸೆಂಟರ್ ಫಾರ್ ಬಯೋಟೆಕ್ನಾಲಜಿಯವರು 2015ರಲ್ಲಿ ಪ್ರಕಟಿಸಿದ ಕೆಲಸ. ಅವರು ಸ್ತನ ಕ್ಯಾನ್ಸರ್ ಕೋಶಗಳನ್ನು ಎರಡು ರೀತಿ ಬೆಳೆಸಿದರು. ಒಂದು, ಪ್ರಯೋಗಾಲಯದ ತಟ್ಟೆಯ ತಳಕ್ಕೆ ಅಂಟಿಕೊಂಡು ಒಂದೇ ಪದರವಾಗಿ. ಇನ್ನೊಂದು, ಸಣ್ಣ ಉಂಡೆಗಳಾಗಿ. ಶುಂಠಿಯಲ್ಲಿರುವ 6-ಶೋಗಾಲ್ ಎಂಬ ವಸ್ತು ಎರಡನ್ನೂ ಕೊಂದಿತು. ಟ್ಯಾಕ್ಸಾಲ್ ಎಂಬ ಕೀಮೋ ಔಷಧಿ ಪದರದ ಕೋಶಗಳನ್ನು ಚೆನ್ನಾಗಿಯೇ ಕೊಂದಿತು, ಆದರೆ ಉಂಡೆಗಳ ಮೇಲೆ ಶೋಗಾಲ್‌ಗಿಂತ ಹತ್ತು ಸಾವಿರ ಪಟ್ಟು ಜಾಸ್ತಿ ಹಾಕಿದರೂ ಕೆಲಸ ಮಾಡಲಿಲ್ಲ.

ಒಳ್ಳೆಯ ಕೆಲಸವೇ. ಆದರೆ ನಡೆದದ್ದು ತಟ್ಟೆಯಲ್ಲಿ. ಹೊಟ್ಟೆ ಇಲ್ಲ, ಲಿವರ್ ಇಲ್ಲ, ಕಿಡ್ನಿ ಇಲ್ಲ. ಶೋಗಾಲ್ ಅನ್ನು ನೇರವಾಗಿ ಕೋಶದ ಮೇಲೆ ಸುರಿದರು. ಅಕ್ಕನ ಟ್ರೀಟ್‌ಮೆಂಟಿನಲ್ಲಿ ಟ್ಯಾಕ್ಸಾಲ್ ಇರಲೂ ಇಲ್ಲ. ಭಾವನಿಗೆ ಇದನ್ನು ಹೇಳಿದೆ. "ಕೊಂದಿತು ತಾನೇ?" ಅಂದರು. ಕೊಂದಿತು. ಹಾಗಾದರೆ ಲೋಟದಿಂದ ಹೊರಟ ಶುಂಠಿ ಆ ಕೋಶದವರೆಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಹೇಳಬೇಕಾಯಿತು.

ಲೋಟದಿಂದ ರಕ್ತದವರೆಗೆ

ಹಸಿ ಶುಂಠಿಯ ಖಾರ ಮುಖ್ಯವಾಗಿ ಜಿಂಜೆರಾಲ್‌ಗಳದ್ದು. 6, 8, 10 ಅಂತ ಮೂರು ಅಣ್ಣತಮ್ಮಂದಿರು. 6-ಜಿಂಜೆರಾಲ್ ಎಲ್ಲಕ್ಕಿಂತ ಜಾಸ್ತಿ. ಶುಂಠಿಯನ್ನು ಒಣಗಿಸಿದಾಗ, ಬಿಸಿ ಮಾಡಿದಾಗ ಜಿಂಜೆರಾಲ್‌ನಿಂದ ನೀರಿನ ಒಂದು ಅಣು ಕಳಚಿಕೊಳ್ಳುತ್ತದೆ. ಉಳಿದದ್ದೇ ಶೋಗಾಲ್. ಜಪಾನಿ ಭಾಷೆಯಲ್ಲಿ ಶುಂಠಿಗೆ ಶೋಗಾ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ಹಸಿ ಶುಂಠಿಯಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಒಣ ಶುಂಠಿಯಲ್ಲಿ ಜಾಸ್ತಿ. ಒಣ ಶುಂಠಿ ಬೇರೆಯೇ ವಸ್ತು ಅಂತ ನಮ್ಮ ಅಜ್ಜಿಯರು ಅದಕ್ಕೆ ಬೇರೆ ಡಬ್ಬಿ ಇಟ್ಟಿದ್ದು ಸುಮ್ನೆ ಅಲ್ಲ. ಇನ್ನೊಂದು ದಾರಿಯೂ ಇದೆ: ಬೇಯಿಸುವಾಗ ಜಿಂಜೆರಾಲ್ ಮಧ್ಯಕ್ಕೆ ಮುರಿದು ಜಿಂಜೆರೋನ್ ಆಗುತ್ತದೆ. ಅದರ ಖಾರ ಮೆತ್ತಗೆ, ವಾಸನೆ ಸಿಹಿ. 6-ಜಿಂಜೆರಾಲ್ ಮುರಿದಾಗ ಜೊತೆಗೆ ಹೊರಬೀಳುವ ತುಂಡಿನಲ್ಲಿ ಆರು ಕಾರ್ಬನ್. ಹೆಸರಿನ ಮುಂದಿನ 6 ಅದೇ. (ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಕ್ಷಮಿಸಿ.)

ಇನ್ನು ದೇಹ. ದೇಹಕ್ಕೆ ಜಿಂಜೆರಾಲ್ ಅನ್ನವೂ ಅಲ್ಲ, ಔಷಧಿಯೂ ಅಲ್ಲ. ಹೊರಗಿನಿಂದ ಬಂದ, ಎಣ್ಣೆಯ ಗುಣದ ಒಂದು ವಸ್ತು. ಅದನ್ನು ಆಚೆ ಹಾಕಬೇಕು. ಎಣ್ಣೆಯಂಥದ್ದು ಮೂತ್ರದಲ್ಲಿ ಕರಗುವುದಿಲ್ಲ. ಅದಕ್ಕೆ ಕರುಳಿನ ಗೋಡೆ ಮತ್ತು ಲಿವರ್ ಸೇರಿ ಅದರ ಬೆನ್ನಿಗೆ ನೀರಿನಲ್ಲಿ ಕರಗುವ ಒಂದು ತುಂಡನ್ನು ಹೊಲಿಯುತ್ತವೆ. ಆ ತುಂಡು ಒಂದೋ ಸಕ್ಕರೆಯಿಂದ ಹುಟ್ಟಿದ ಗ್ಲುಕುರೋನಿಕ್ ಆಮ್ಲ, ಇಲ್ಲಾ ಸಲ್ಫೇಟ್.

ಭಾವನಿಗೆ ಹೇಳಿದ್ದು ಹೀಗೆ: "ಮಂಡಿಯಲ್ಲಿ ಶುಂಠಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಚೀಟಿ ಕಟ್ಟಿ ಲಾರಿಗೆ ಹಾಕಲ್ವಾ? ಹಾಗೆ. ಲಾರಿ ರಸ್ತೇಲಿ ಹೋಗ್ತಾ ಇರುತ್ತೆ, ಒಳಗೆ ಶುಂಠಿ ಇರೋದೂ ನಿಜ. ಆದರೆ ದಾರೀಲಿ ಯಾರಿಗೂ ಒಂದು ತುಂಡೂ ಸಿಗಲ್ಲ." ಲಾರಿಯ ಮಾತು ಅವರಿಗೆ ಹಿಡಿಸಿತು.

ಇದನ್ನು ಮನುಷ್ಯರಲ್ಲೇ ಅಳೆದಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2008ರಲ್ಲಿ 27 ಆರೋಗ್ಯವಂತರಿಗೆ ಶುಂಠಿ ಸಾರವನ್ನು 100 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟರು. ಕಾಲು ಗಂಟೆಯಿಂದ ಹಿಡಿದು 72 ಗಂಟೆಯವರೆಗೆ ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಬಿಡಿ ಜಿಂಜೆರಾಲ್, ಬಿಡಿ ಶೋಗಾಲ್ ಒಬ್ಬರ ರಕ್ತದಲ್ಲೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಚೀಲ ಹೊಲಿದದ್ದು. ಅರ್ಧ ಗಂಟೆಗೆ ಕಾಣಿಸಿಕೊಂಡು, ಮುಕ್ಕಾಲು ಗಂಟೆಯಿಂದ ಎರಡು ಗಂಟೆಯೊಳಗೆ ಏರಿ, ಆಮೇಲೆ ಸುಮಾರು ಒಂದೂಕಾಲಿನಿಂದ ಎರಡು ಗಂಟೆಗೊಮ್ಮೆ ಅರ್ಧರ್ಧ ಇಳಿಯಿತು.

ಆಮೇಲೆ ಇದೇ ವಿಶ್ವವಿದ್ಯಾಲಯದಿಂದ ಇನ್ನೂ ಸೂಕ್ಷ್ಮವಾದ ಅಳತೆ 2011ರಲ್ಲಿ ಬಂತು. ಅದರಲ್ಲಿ ಬಿಡಿ 10-ಜಿಂಜೆರಾಲ್, ಬಿಡಿ 6-ಶೋಗಾಲ್ ಸ್ವಲ್ಪ ಸಿಕ್ಕವು. ಎಷ್ಟು? ಒಂದು ಮಿಲಿಲೀಟರ್ ರಕ್ತರಸಕ್ಕೆ ಒಂದು ಮೈಕ್ರೋಗ್ರಾಂನ ನೂರನೇ ಒಂದು ಭಾಗದ ಆಸುಪಾಸು. ದಿನಾ 2 ಗ್ರಾಂ ತೆಗೆದುಕೊಂಡವರ ರಕ್ತದಲ್ಲಾಗಲಿ ಕರುಳಿನಲ್ಲಾಗಲಿ ಅದು ಶೇಖರ ಆಗಲಿಲ್ಲ. ಭಾವನ "ಸೇರ್ತಾ ಹೋಗುತ್ತೆ" ಅಲ್ಲಿಗೆ ಮುಗಿಯಿತು. ಇವತ್ತಿನ ಕಷಾಯ ಇವತ್ತಿಗೇ ಖರ್ಚು.

ಭಾವ ಲೆಕ್ಕದ ಮನುಷ್ಯ. ಅದಕ್ಕೆ ಪುಸ್ತಕದಲ್ಲೇ ಲೆಕ್ಕ ಹಾಕಿ ತೋರಿಸಿದೆ. ತಟ್ಟೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಅರ್ಧಕ್ಕೆ ನಿಲ್ಲಲು ಮಿಲಿಲೀಟರಿಗೆ ಸುಮಾರು 2.2 ಮೈಕ್ರೋಗ್ರಾಂ 6-ಶೋಗಾಲ್ ಬೇಕಾಯಿತು. 6-ಜಿಂಜೆರಾಲ್ ಆದರೆ ಸುಮಾರು 44. ಎರಡು ಗ್ರಾಂ ಸಾರ ತಿಂದವರ ರಕ್ತದಲ್ಲಿ, ಚೀಲ ಹೊಲಿದದ್ದನ್ನೂ ಸೇರಿಸಿ, ಅತಿ ಜಾಸ್ತಿ ಅಂದರೆ ಸರಾಸರಿ 0.15 ಶೋಗಾಲ್, 0.85 ಜಿಂಜೆರಾಲ್. ಶೋಗಾಲ್ ಹದಿನೈದು ಪಟ್ಟು ಕಮ್ಮಿ, ಜಿಂಜೆರಾಲ್ ಐವತ್ತು ಪಟ್ಟು ಕಮ್ಮಿ. ಬಿಡಿಯಾಗಿರುವುದನ್ನು ಮಾತ್ರ ಎಣಿಸಿದರೆ ಶೋಗಾಲ್‌ದೇ ನೂರು ಪಟ್ಟಿಗೂ ಜಾಸ್ತಿ ಅಂತರ.

ಭಾವ ಪೆನ್ನು ತೆಗೆದುಕೊಂಡು ಇನ್ನೊಂದು ಸಲ ಭಾಗಿಸಿದರು. ನಂಬಿಕೆ ಇಲ್ಲದೆ ಅಲ್ಲ, ಅದು ಅವರ ಸ್ವಭಾವ. ಆಮೇಲೆ ಕೇಳಿದರು: "ಹಂಗಾದ್ರೆ ಹದಿನೈದು ಪಟ್ಟು ಜಾಸ್ತಿ ಕುಡಿಸಿದ್ರೆ?"

ಅಡುಗೆಮನೆಯಿಂದ ಅಕ್ಕ ಉತ್ತರ ಕೊಟ್ಟಳು. "ಮೂರು ಲೋಟಕ್ಕೇ ಎದೆ ಉರಿದು ಸಾಯ್ತಿದೀನಿ, ನಲವತ್ತೈದು ಕುಡಿಸ್ತೀರಾ?"

ಚೀಲದ ಹೊಲಿಗೆ ಬಿಚ್ಚುವವರು

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆ ಆಗುತ್ತಿತ್ತು. ಆದರೆ ಭಾವನಿಗೆ ಪೂರ್ತಿ ಹೇಳದೆ ಇದ್ದರೆ ಅದೂ ಒಂದು ಮೋಸ. ಅಕ್ಕನದು ಕರುಳಿನ ಕಾಯಿಲೆ. ಕರುಳಿನ ಲೆಕ್ಕ ರಕ್ತದ ಲೆಕ್ಕದಂತೆ ಇರುವುದಿಲ್ಲ.

ಹೊಲಿದ ಚೀಲಗಳಲ್ಲಿ ಒಂದಿಷ್ಟು ಮೂತ್ರಕ್ಕೆ ಹೋಗುವುದಿಲ್ಲ. ಲಿವರ್ ಅವನ್ನು ಪಿತ್ತರಸದ ಜೊತೆ ಮತ್ತೆ ಕರುಳಿಗೆ ಬಿಡುತ್ತದೆ. ಇಲಿಗಳಲ್ಲಿ 6-ಜಿಂಜೆರಾಲ್ ಪಿತ್ತರಸದಲ್ಲಿ ಗ್ಲುಕುರೋನಿಕ್ ಆಮ್ಲ ಅಂಟಿಸಿಕೊಂಡೇ ಬಂದದ್ದನ್ನು ನೋಡಿದ್ದಾರೆ. ದೊಡ್ಡ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಕೆಲವಕ್ಕೆ ಈ ಹೊಲಿಗೆ ಬಿಚ್ಚುವ ಕಿಣ್ವ ಇದೆ. ಸಕ್ಕರೆಯ ಭಾಗ ಅವುಗಳಿಗೆ ಊಟ. ಬಿಚ್ಚಿದರೆ ಒಳಗಿನ ಜಿಂಜೆರಾಲ್ ಮತ್ತೆ ಬಿಡಿಯಾಗುತ್ತದೆ, ಅದೂ ಕರುಳಿನ ಗೋಡೆಯ ಪಕ್ಕದಲ್ಲೇ. ಸಂಶೋಧಕರು ಶುಂಠಿಯ ವಿಷಯದಲ್ಲಿ ಬೇರೆ ಅಂಗಗಳಿಗಿಂತ ದೊಡ್ಡ ಕರುಳಿನ ಮೇಲೆ ಜಾಸ್ತಿ ಕಣ್ಣಿಟ್ಟಿರುವುದಕ್ಕೆ ಇದೊಂದು ಕಾರಣ.

ಶೋಗಾಲ್‌ನ ಕಥೆ ಇನ್ನೂ ವಿಚಿತ್ರ. ಜಿಂಜೆರಾಲ್‌ಗೆ ಇಲ್ಲದ ಒಂದು ಕೊಕ್ಕೆ ಅದಕ್ಕಿದೆ. ಗಂಧಕ ಇರುವ ಅಣು ಕಂಡರೆ ಆ ಕೊಕ್ಕೆ ಹಾಕಿ ಹಿಡಿದುಕೊಳ್ಳುತ್ತದೆ. ಕೋಶದೊಳಗೆ ಗ್ಲುಟಾಥಯೋನ್ ಎಂಬ ಗಂಧಕದ ಅಣು ಧಾರಾಳವಾಗಿದೆ. ಮನೆಯ ಕಾವಲುಗಾರ ಇದ್ದ ಹಾಗೆ. ಶೋಗಾಲ್ ಅದಕ್ಕೆ ಸಿಕ್ಕಿಬೀಳುತ್ತದೆ. ಆಮೇಲೆ ದೇಹ ಆ ಜೋಡಿಯಲ್ಲಿ ಗ್ಲುಟಾಥಯೋನ್‌ನ ಭಾಗವನ್ನು ಒಂದೊಂದೇ ತುಂಡು ಕತ್ತರಿಸಿ, ಕೊನೆಗೆ ಶೋಗಾಲ್‌ಗೆ ಅಂಟಿದ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಚೂರು ಮಾತ್ರ ಉಳಿಸುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಒಂದು ತಂಡ 2012ರ ಸುಮಾರಿಗೆ ಇಲಿಗಳಲ್ಲೂ ಕ್ಯಾನ್ಸರ್ ಕೋಶಗಳಲ್ಲೂ ಈ ದಾರಿಯನ್ನು ಹಿಡಿದು ಹೋಯಿತು. ಹದಿಮೂರು ರೂಪಗಳನ್ನು ಪಟ್ಟಿ ಮಾಡಿತು. ಸಿಸ್ಟೀನ್ ಅಂಟಿದ ರೂಪವನ್ನು ತಟ್ಟೆಯಲ್ಲಿನ ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್ ಕೋಶಗಳಿಗೆ ಹಾಕಿ ನೋಡಿದರೆ, ಅದೂ ಕೊಲ್ಲುತ್ತಿತ್ತು. ಸಾಮಾನ್ಯ ಕೋಶಗಳಿಗೆ ತೊಂದರೆ ಕಡಿಮೆ. ಅದು ಕೊಲ್ಲುವುದು ಯಾಕೆಂದರೆ ಆ ಕೊಕ್ಕೆ ಕಳಚಲೂಬಹುದು. ಕಳಚಿದರೆ ಒಳಗೆ ಶೋಗಾಲ್ ಮತ್ತೆ ಹುಟ್ಟುತ್ತದೆ. ಅಂದರೆ ಆಚೆ ಹಾಕಲು ಹೊಲಿದ ಚೀಲವೇ ಕೆಲವೊಮ್ಮೆ ಮಾಲು ತಲುಪಿಸುವ ಚೀಲ ಆಗಬಹುದು.

ನನಗೆ ಇದನ್ನು ಓದಿದಾಗ ನಿಜಕ್ಕೂ ಖುಷಿಯಾಯಿತು. ಭಾವನ ಮುಖವೂ ಅರಳಿತು. ಹಾಗಾದರೆ ಜನರ ಕರುಳಿನಲ್ಲಿ ನೋಡಿದ್ದಾರಾ ಅಂತ ಕೇಳಿದರು. ನೋಡಿದ್ದಾರೆ. ಮಿಷಿಗನ್‌ನವರೇ 30 ಜನರಿಗೆ 28 ದಿನ ದಿನಾ 2 ಗ್ರಾಂ ಶುಂಠಿ ಅಥವಾ ಬರೀ ಖಾಲಿ ಮಾತ್ರೆ ಕೊಟ್ಟು, ಕರುಳಿನ ಒಳಪದರದ ಚೂರು ತೆಗೆದು ಪರೀಕ್ಷಿಸಿದರು. ಉರಿಯೂತ ಹುಟ್ಟಿಸುವ ಕೆಲವು ವಸ್ತುಗಳು ಶುಂಠಿ ತಿಂದವರಲ್ಲಿ ಸ್ವಲ್ಪ ಇಳಿದಿದ್ದವು. ಆ 30 ಜನರಿಗೂ ಕ್ಯಾನ್ಸರ್ ಇರಲಿಲ್ಲ. ಗೆಡ್ಡೆ ಕರಗಿತೇ ಅನ್ನುವ ಪ್ರಶ್ನೆಯನ್ನೇ ಅಲ್ಲಿ ಕೇಳಿಲ್ಲ. ಅಕ್ಕನ ಗೆಡ್ಡೆಯನ್ನಂತೂ ಸರ್ಜನ್ ಆಗಲೇ ತೆಗೆದಾಗಿತ್ತು. ಉಳಿದಿದ್ದರೆ ಕಣ್ಣಿಗೆ ಕಾಣದ ಒಂದೊಂದು ಕೋಶ, ಲಿವರಿನಲ್ಲೋ ಇನ್ನೆಲ್ಲೋ. ಅಲ್ಲಿಗೆ ಹೋಗಬೇಕಾದರೆ ಮತ್ತೆ ಅದೇ ರಕ್ತದ ದಾರಿ, ಅದೇ ಲಾರಿ.

ನಾಲ್ಕನೇ ಸುತ್ತು

ನಾಲ್ಕನೇ ಡ್ರಿಪ್‌ಗೆ ಹೋದಾಗ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, 68,000ಕ್ಕೆ ಇಳಿದಿತ್ತು. ಡ್ರಿಪ್ ಹಾಕಲಿಲ್ಲ. ಒಂದು ವಾರ ಬಿಟ್ಟು ಬನ್ನಿ ಅಂದರು. ಹಾಸನದಿಂದ ಬೆಳಗಿನ ರೈಲು ಹತ್ತಿ ಹೋದವರು ಹಾಗೇ ವಾಪಸ್. ಡಾಕ್ಟರ್ ಮೇಡಂ ಆವತ್ತು ಕೇಳಿದರು, "ಮನೇಲಿ ಬೇರೆ ಏನಾದರೂ ತಗೊಳ್ತಿದೀರಾ?" ಭಾವ ಸುಮ್ಮನಿದ್ದರು. ಅಕ್ಕ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

ಇಡೀ ಪ್ರಕರಣದಲ್ಲಿ ಅತಿ ಉಪಯೋಗದ ಕೆಲಸ ಅದೇ ಅಂತ ನನ್ನ ಅಭಿಪ್ರಾಯ.

ಮೇಡಂ ಬೈಯಲಿಲ್ಲ. ಪುಟ ತಿರುವಿ ಓದಿದರು. ಪ್ಲೇಟ್‌ಲೆಟ್ ಇಳಿದದ್ದು ಆಕ್ಸಾಲಿಪ್ಲಾಟಿನ್‌ನಿಂದ, ಇದು ಮಾಮೂಲಿ ಅಂದರು. ಶುಂಠಿಯ ಮೇಲೆ ತಪ್ಪು ಹಾಕಲಿಲ್ಲ. ಆದರೆ ಶುಂಠಿಯ ವಸ್ತುಗಳು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಸಂಖ್ಯೆಯೇ ಕಮ್ಮಿ ಇರುವಾಗ, ಇರುವವರ ಕೈಯನ್ನೂ ಕಟ್ಟುವುದು ಯಾಕೆ? ಸಂಖ್ಯೆ ಏರುವವರೆಗೆ ಕಷಾಯ, ಪುಡಿ ಎರಡೂ ನಿಲ್ಲಿಸಿ ಅಂದರು. ರಕ್ತ ತೆಳುವಾಗಲು ವಾರ್ಫರಿನ್‌ನಂಥ ಮಾತ್ರೆ ನುಂಗುವವರಾಗಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ ಅಂತಲೂ ಸೇರಿಸಿದರು.

ಆಮೇಲೆ ಭಾವ ಎಷ್ಟು ಕುಡಿಸುತ್ತಿದ್ದರು ಅಂತ ತೂಗಿದೆವು. ಸೊಸೆಯ ಕೇಕ್ ಮಾಡುವ ಸಣ್ಣ ತಕ್ಕಡಿಯಲ್ಲಿ ಲೋಟಕ್ಕೆ 10 ಗ್ರಾಂ ಹಸಿ ಶುಂಠಿ ಬಂತು. ಮೂರು ಲೋಟಕ್ಕೆ 30. ಐದು ಕಿಲೋ ಹಸಿ ಒಣಗಿದರೆ ಒಂದು ಕಿಲೋ ಅನ್ನುವುದು ಶುಂಠಿ ಬೆಳೆಯುವವರಿಗೆ ಗೊತ್ತಿರುವ ಲೆಕ್ಕ. ಅಂದರೆ ದಿನಕ್ಕೆ 6 ಗ್ರಾಂ ಒಣ ಶುಂಠಿಗೆ ಸಮ, ಮೇಲೆ ಒಂದು ಚಮಚ ಪುಡಿ ಬೇರೆ. ಕುದಿಸಿದ ನೀರಿಗೆ ಎಲ್ಲ ಜಿಂಜೆರಾಲ್ ಇಳಿಯುವುದಿಲ್ಲ, ಒಂದಿಷ್ಟು ಚರಟದಲ್ಲೇ ಉಳಿಯುತ್ತದೆ. ಆದರೂ ಹೊಟ್ಟೆಗೆ ಅದು ಜಾಸ್ತಿಯೇ.

ಶುಂಠಿಗೆ ಸಿಕ್ಕ ಕೆಲಸ

ಮುಂದಿನ ವಾರ ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿತು, ಡ್ರಿಪ್ ನಡೆಯಿತು. ಅಕ್ಕ ಮೇಡಂ ಹತ್ತಿರ ನೇರವಾಗಿ ಕೇಳಿದಳು: "ಕ್ಯಾನ್ಸರಿಗೆ ಬೇಡ. ಹೊಟ್ಟೆ ತೊಳಸೋದಕ್ಕಾದರೂ ಶುಂಠಿ ತಗೋಬಹುದಾ?"

ಇದಕ್ಕೆ ಆಧಾರ ಇದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 576 ಕೀಮೋ ರೋಗಿಗಳ ಲೆಕ್ಕ ಇದೆ. ಕೀಮೋಗೆ ಮೂರು ದಿನ ಮೊದಲೇ ಶುಂಠಿ ಕ್ಯಾಪ್ಸೂಲ್ ಶುರು ಮಾಡಿಸಿದರು. ಮಾಮೂಲಿ ವಾಂತಿ ಮಾತ್ರೆ ಜೊತೆಗೇ ಇತ್ತು. ಮೊದಲ ದಿನದ ತೊಳಸುವಿಕೆ ಕಡಿಮೆಯಾಯಿತು. ಅರ್ಧ ಗ್ರಾಂ, ಒಂದು ಗ್ರಾಂ ತೆಗೆದುಕೊಂಡವರಿಗೆ ಒಂದೂವರೆ ಗ್ರಾಂನವರಿಗಿಂತ ಚೆನ್ನಾಗಿ ಆಯಿತು. ದೆಹಲಿಯ ಏಮ್ಸ್‌ನಲ್ಲೂ ಮೂಳೆ ಕ್ಯಾನ್ಸರಿನ ಮಕ್ಕಳು, ಹರೆಯದವರಲ್ಲಿ 2011ರಲ್ಲಿ ಶುಂಠಿ ಪುಡಿ ಸಹಾಯ ಮಾಡಿದ್ದನ್ನು ವರದಿ ಮಾಡಿದ್ದಾರೆ. ಎಲ್ಲ ಕಡೆ ಗೆದ್ದಿಲ್ಲ. 162 ಜನರ ಇನ್ನೊಂದು ಅಧ್ಯಯನದಲ್ಲಿ ತಡವಾಗಿ ಬರುವ ವಾಂತಿಗೆ ಏನೂ ಲಾಭ ಆಗಲಿಲ್ಲ. ಅಪ್ರೆಪಿಟೆಂಟ್ ಎಂಬ ವಾಂತಿ ಮಾತ್ರೆಯ ಜೊತೆ ಶುಂಠಿ ತೆಗೆದುಕೊಂಡವರಿಗೆ ತೊಳಸುವಿಕೆ ಇನ್ನೂ ಜಾಸ್ತಿಯೇ ಆಯಿತು. ಅಕ್ಕನಿಗೆ ಕೊಡುತ್ತಿದ್ದದ್ದು ಆ ಮಾತ್ರೆ ಅಲ್ಲ, ಓಂಡಾನ್‌ಸೆಟ್ರಾನ್. ಹೀಗೆ ಒಂದೊಂದು ಮನೆಗೆ ಒಂದೊಂದು ಉತ್ತರ ಇರುವುದರಿಂದಲೇ ಡಾಕ್ಟರನ್ನು ಕೇಳಿ ಅನ್ನುವುದು.

ಗಮನಿಸಿ, ಈ ಕೆಲಸಕ್ಕೆ ಶುಂಠಿ ರಕ್ತದಲ್ಲಿ ದೂರ ಹೋಗಲೇಬೇಕು ಅಂತಿಲ್ಲ. ಕೀಮೋ ಬಿದ್ದಾಗ ಕರುಳಿನ ಗೋಡೆಯಿಂದ ಸೆರೊಟೋನಿನ್ ಎಂಬ ವಸ್ತು ಹೊರಬಂದು ಅಲ್ಲೇ ಇರುವ ನರಗಳನ್ನು ಕೆರಳಿಸುತ್ತದೆ. ಓಂಡಾನ್‌ಸೆಟ್ರಾನ್ ತಡೆಯುವುದು ಅದನ್ನೇ. ಜಿಂಜೆರಾಲ್, ಶೋಗಾಲ್‌ಗಳೂ ಅದೇ ಬಾಗಿಲಿಗೆ ಅಡ್ಡ ನಿಲ್ಲುತ್ತವೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಚೀಲ ಹೊಲಿಯುವ ಮೊದಲು, ಇನ್ನೂ ಬಿಡಿಯಾಗಿರುವಾಗಲೇ, ಶುಂಠಿ ಹಾದುಹೋಗುವ ಜಾಗ ಅದು.

ಮೇಡಂ ದಿನಕ್ಕೆ ಅರ್ಧ ಗ್ರಾಂ ಪುಡಿ ಎರಡು ಸಲ, ಡ್ರಿಪ್‌ಗೆ ಮೂರು ದಿನ ಮೊದಲಿನಿಂದ ಆರು ದಿನ ಅಂತ ಬರೆದುಕೊಟ್ಟರು. ಪ್ಲೇಟ್‌ಲೆಟ್ 75,000ಕ್ಕಿಂತ ಕೆಳಗೆ ಬಂದರೆ ಬೇಡ. ಪುಸ್ತಕದ ಪ್ರಕಾರ ಎರಡು, ಮೂರನೇ ಸುತ್ತಿನ ಮೊದಲ ಮೂರು ದಿನಗಳಲ್ಲಿ ಒಟ್ಟು 11 ವಾಂತಿ. ಐದು, ಆರನೇ ಸುತ್ತಿನಲ್ಲಿ 4. ಎದೆ ಉರಿ ಅನ್ನುವ ಪದ ಐದನೇ ಸುತ್ತಿನ ನಂತರ ಕಾಣುವುದೇ ಇಲ್ಲ. ಇದನ್ನು ಶುಂಠಿಯ ಖಾತೆಗೆ ಬರೆಯಲು ನಾನು ತಯಾರಿಲ್ಲ. ಐದನೇ ಸುತ್ತಿನಿಂದ ಡ್ರಿಪ್ಪಿನ ಪ್ರಮಾಣವನ್ನೂ ಸ್ವಲ್ಪ ಇಳಿಸಿದ್ದರು. ಎದೆ ಉರಿ ಹೋದದ್ದು ಮಾತ್ರ ಮೂರು ಲೋಟ ನಿಂತದ್ದರಿಂದ ಅಂತ ಅಕ್ಕನಿಗೆ ಅನುಮಾನವೇ ಇಲ್ಲ.

ಎಂಟು ಸುತ್ತು ಮುಗಿಯಿತು. ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲ, ಇನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು. ಬೆರಳ ತುದಿಯ ಜೋಮು ಹೋಗಿಲ್ಲ. ಆಕ್ಸಾಲಿಪ್ಲಾಟಿನ್ ನರಗಳ ಮೇಲೆ ಬಿಟ್ಟುಹೋಗುವ ಗುರುತು ಅದು, ತಿಂಗಳುಗಟ್ಟಲೆ ಇರುತ್ತದೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಶುಂಠಿಯ ಸಿಪ್ಪೆ ಹೆರೆಯಲೂ ಆಗುವುದಿಲ್ಲ. ಹೋದ ಭಾನುವಾರ ನಾನು ಹೋದಾಗ ಟೀಗೆ ಶುಂಠಿ ಹೆರೆಯುತ್ತಾ ಕೂತಿದ್ದವರು ಭಾವ.

"ಎಷ್ಟು ಹಾಕ್ಲಿ?" ಅಂತ ಕೇಳಿದರು.

"ರುಚಿಗೆ ಎಷ್ಟು ಬೇಕೋ ಅಷ್ಟು ಹಾಕ್ರಿ" ಅಂದಳು ಅಕ್ಕ.